ಮುಟ್ಟಿದ ಕಾಯಿ

ಅವರು ಬಳೆ ಮೇಲೆ ಸರಿಸಿದರೆಂದರೆ ಎದುರಿಗೆ ಕೂತವರ ಕತೆ ಮುಗಿಯಿತು ಎಂದೇ ನಮ್ಮ ಸ್ಟಾಫ್ ರೂಮಿನ ಲೆಕ್ಕ. ಎಡಗೈಯಿಂದ ಬಲಗೈಯ ಬಳೆಗಳನ್ನೆಲ್ಲ ಒಟ್ಟಿಗೆ ಹಿಡಿದು ಮೊಣಕೈಯತ್ತ ತಳ್ಳುವರು. ಕನ್ನಡಕದ ಮೇಲಿನಿಂದ ಒಮ್ಮೆ ನೋಡುವರು. ಆಮೇಲೆ ಕುದುರೆಯನ್ನೋ ಮಂತ್ರಿಯನ್ನೋ ಎತ್ತಿ, ತಲೆ ಮೇಲಿನ ಮೀನಿನ ಬುಟ್ಟಿ ಇಳಿಸಿದ ಹಾಗೆ ಠಪ್ಪೆಂದು ಇಡುವರು.

"ಆಯ್ತಲ್ಲ ಹೆಣೆ, ಇನ್ನೆಂತ ಕಾಂಬುದ್? ಹೋಪ, ಬೆಲ್ ಆಯ್ತ್."

ಆ 'ಹೆಣೆ', ಎಂದರೆ ಹುಡುಗಿ, ನಾನು. ಕುಂದಾಪುರದ ಆ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದ ಹೊಸದರಲ್ಲಿ, ಬಿಡುವಿನ ಪಿರಿಯಡ್ಡಿನಲ್ಲಿ ಎದುರು ಕೂರಲು ಯಾರೂ ಸಿಗದೆ ನನ್ನನ್ನು ಹಿಡಿದು ಕೂರಿಸಿಕೊಂಡವರು ಅವರು. ಮಕ್ಕಳಿಂದ ಹಿಡಿದು ಹೆಡ್ಮಾಸ್ಟರರವರೆಗೆ ಎಲ್ಲರಿಗೂ ಅವರು 'ಹಿಂದಿ ಟೀಚರ್'. ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಆದ್ದರಿಂದ ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಹೆಸರಿಟ್ಟು ಬರೆದರೆ ಬೇರೆ ಯಾರ ಬಗ್ಗೆಯೋ ಬರೆದಂತಾಗುತ್ತದೆ.

ಕಳೆದ ತಿಂಗಳು ಅವರು ತೀರಿಕೊಂಡರು. ಬೆಳಿಗ್ಗೆ ಎದ್ದು ಚಾ ಮಾಡಿಟ್ಟು, ಕುಡಿಯದೆ ಹೋದರು. ಶಾಲೆಯಲ್ಲಿ ಸಂತಾಪ ಸಭೆ ಮಾಡಿದೆವು. ಶಿಸ್ತು, ಕರ್ತವ್ಯನಿಷ್ಠೆ, ಸರಳತೆ ಎಂದೆಲ್ಲ ಮಾತಾಡಿದರು. ಕೊನೆಗೆ ಯಾರೋ ಎದ್ದು "ಅವರಿಗೆ ಚದುರಂಗದಲ್ಲೂ ಆಸಕ್ತಿ ಇತ್ತು" ಎಂದರು. ನನಗೆ ಮೈಯೆಲ್ಲ ಉರಿಯಿತು. ಆಸಕ್ತಿಯಂತೆ! ಬಂಗುಡೆ ಮೀನಿಗೆ ಸಮುದ್ರದಲ್ಲಿ ಆಸಕ್ತಿ ಇತ್ತು ಎಂದ ಹಾಗೆ. ಅಲ್ಲಿ ಬಾಯಿ ಬಿಡಲಿಲ್ಲ. ಸಂತಾಪ ಸಭೆಯಲ್ಲಿ ಜಗಳ ಆಡಬಾರದಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಅವರ ಜೊತೆ ಆಡುವುದೆಂದರೆ ಪೊಲೀಸ್ ಠಾಣೆಯಲ್ಲಿ ಕೂತ ಹಾಗೆ. ಮುಟ್ಟಿದ ಕಾಯಿ ನಡೆಸಲೇಬೇಕು. ಬೆರಳು ತಗುಲಿತು, ಸೆರಗು ತಗುಲಿತು, ಸುಮ್ಮನೆ ನೆಟ್ಟಗೆ ನಿಲ್ಲಿಸಿದ್ದು ಎಂದರೆ ನಡೆಯದು. ನಾನಂತೂ ಮೊದಲು ಮುಟ್ಟಿ ಆಮೇಲೆ ಯೋಚಿಸುವ ಜಾತಿ. ಅಡುಗೆಮನೆಯಲ್ಲೂ ಹಾಗೆಯೇ. ದಿನಕ್ಕೊಂದು ಮಂತ್ರಿ ಕಳೆದುಕೊಂಡೆ. ಒಮ್ಮೆ ಎಂಟನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ಅವರೆದುರು ಆನೆ ಮುಟ್ಟಿ ಕೈ ಹಿಂತೆಗೆದಳು. ಕಣ್ಣಲ್ಲಿ ನೀರು ತುಂಬಿತ್ತು. ಹೋಗಲಿ ಬಿಡಿ ಟೀಚ್ರೆ ಎಂದು ನಾನೂ ಹೇಳಿದೆ. ಬಿಡಲಿಲ್ಲ. ಆನೆಯನ್ನು ನಡೆಸಿಯೇ, ಅದನ್ನು ಕಡಿದೇ, ಆಮೇಲೆ ಅವಳಿಗೆ ತಮ್ಮ ಡಬ್ಬಿಯಿಂದ ಚಕ್ಕುಲಿ ಕೊಟ್ಟರು.

"ಮುಟ್ಟಿದ್ ನಡ್ಸ್ಕ್. ಇಲ್ದಿದ್ರೆ ಮುಟ್ಟೂಕಾಗ. ಅಷ್ಟೇ."

ಇದು ಬೋರ್ಡಿನ ಮೇಲಿನ ಮಾತು ಮಾತ್ರವಾಗಿದ್ದರೆ ತೊಂದರೆ ಇರಲಿಲ್ಲ. ಸೀರೆ ಅಂಗಡಿಯಲ್ಲಿ ಮುಟ್ಟಿ ನೋಡಿದ ಸೀರೆಯನ್ನೇ ಕೊಳ್ಳುವರು. ಹಾಗಾಗಿ ಮುಟ್ಟುವ ಮೊದಲು ಅರ್ಧ ಗಂಟೆ ದೂರದಿಂದಲೇ ನೋಡುವರು. ಗಂಗೊಳ್ಳಿಯಿಂದ ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸಿಗೆ ಹಿಂದಿ ಟೀಚರ್ ಎಂದರೆ ಪ್ರಾಣ. ನಾವೆಲ್ಲ ಕಿವಿರು ಎತ್ತಿ, ಹೊಟ್ಟೆ ಒತ್ತಿ, ಬುಟ್ಟಿಯನ್ನೇ ಕಲಸಿ "ಇವತ್ತ್ ಬ್ಯಾಡ" ಎಂದು ಏಳುವವರು. ಇವರು ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡುವರು, ಒಂದನ್ನು ತೋರಿಸುವರು, ತೆಗೆದುಕೊಂಡು ಹೋಗುವರು. ಅದು ಕೆಟ್ಟಿದ್ದರೂ ಮರುದಿನ ಗೊಣಗುವವರಲ್ಲ. ಆರಿಸಿದ್ದು ತಾವು, ಅನುಭವಿಸಬೇಕಾದದ್ದೂ ತಾವು ಎಂಬುದು ಅವರ ನ್ಯಾಯ.

ಈ ಕಟ್ಟುನಿಟ್ಟಿಗೆ ಒಂದು ಹಿನ್ನೆಲೆ ಇತ್ತು. ಬೈಂದೂರು ಕಡೆಯ ಬಿಜೂರಿನಲ್ಲಿ ಹುಟ್ಟಿ ಬೆಳೆದವರು ಅವರು. ಅಪ್ಪಯ್ಯನಿಂದ ಕಲಿತದ್ದು ನಮ್ಮ ಕಡೆಯ ಮನೆಯಾಟದ ಚದುರಂಗ. ಅದರಲ್ಲಿ ಆಟ ಶುರುವಾಗುವ ರೀತಿಯೇ ಬೇರೆ. ಮೊದಲ ನಡೆಯಲ್ಲಿ ಎರಡು ಕೈಯಿಂದ ಎರಡು ಕಾಲಾಳುಗಳನ್ನು ಒಟ್ಟಿಗೆ ಒಂದೊಂದು ಮನೆ ಮುಂದಿಡುವುದು. ನಾನೂ ಚಿಕ್ಕಂದಿನಲ್ಲಿ ಹಾಗೆಯೇ ಆಡಿದವಳು. ಪಂದ್ಯದಲ್ಲಿ ಮಾತ್ರ ಅದು ತಪ್ಪು. ಒಂದು ಸಲಕ್ಕೆ ಒಂದೇ ಕಾಯಿ. ಟ್ರೈನಿಂಗ್ ಕಾಲೇಜಿನಲ್ಲಿದ್ದಾಗ ಇವರು ಯಾವುದೋ ಪಂದ್ಯಕ್ಕೆ ಹೋಗಿ, ಮೊದಲ ಆಟದಲ್ಲೇ ಎರಡೂ ಕೈ ಚಾಚಿ ಎರಡು ಕಾಲಾಳು ಇಟ್ಟರಂತೆ. ಸುತ್ತ ನಿಂತವರೆಲ್ಲ ನಕ್ಕರಂತೆ. ಆ ನಗು ಅವರ ಕಿವಿಯಿಂದ ಹೋಗಲಿಲ್ಲ. ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದರು, ಆಮೇಲೆ ಯಾರನ್ನೂ ಬಿಡಲಿಲ್ಲ.

ಪಂದ್ಯದಲ್ಲಿ ಕರಿಕಾಯಿ ಸಿಕ್ಕರೆ ಅವರದು ಯಾವತ್ತೂ ಒಂದೇ ಆರಂಭ, ಫ್ರೆಂಚ್ ಡಿಫೆನ್ಸ್. ರಾಜನ ಮುಂದಿನ ಕಾಲಾಳನ್ನು ಒಂದೇ ಒಂದು ಮನೆ ಮುಂದಿಟ್ಟು ಕಾಯುವುದು. "ಕುಂದಾಪ್ರದ್ ಹಿಂದಿ ಟೀಚ್ರಿಗೆ ಫ್ರೆಂಚ್ ಎಂತಕ್ಕೆ?" ಎಂದು ನಾನು ಕೆಣಕುತ್ತಿದ್ದೆ.

"ಬಾಗ್ಲ್ ಪೂರ್ತಿ ತೆಗೀದೆ, ಪೂರ್ತಿ ಹಾಕ್ದೆ, ಒಂಚೂರ್ ಸಂದ್ ಬಿಟ್ಟ್ ಒಳ್ಗ್ ಕೂಕಂಬುದ್ ಹೆಣೆ. ಬಪ್ಪವ್ರ್ ಬರ್ಲಿ ಕಾಂಬ."

ಕೋಡಿಯಲ್ಲಿದ್ದ ಅವರ ಮನೆಯ ಷೋಕೇಸಿನಲ್ಲಿ ನಡುವಿನ ಹಲಗೆ ಖಾಲಿ ಇತ್ತು. ಖಾಲಿ ಎಂದರೆ ಬರಿ ಖಾಲಿಯಲ್ಲ. ಕೈಯಿಂದ ಹೆಣೆದ ಬಿಳಿ ಲೇಸಿನ ವಸ್ತ್ರ ಹಾಸಿ, ದಿನಾ ಧೂಳು ಒರೆಸಿ ಇಟ್ಟ ಖಾಲಿ. ಅದು ಪಂದ್ಯದಲ್ಲಿ ಗೆದ್ದು ತರುವ ಕಪ್ಪಿಗೆ ಇಟ್ಟ ಜಾಗ. ಎರಡನೇ ಬಹುಮಾನ, ಮೂರನೇ ಬಹುಮಾನದ ಫಲಕಗಳೆಲ್ಲ ಪಕ್ಕದಲ್ಲಿ ಒತ್ತೊತ್ತಾಗಿ ನಿಂತಿದ್ದವು. ಮೊದಲನೆಯದು ಮಾತ್ರ ಬಂದಿರಲಿಲ್ಲ. ಮುಂಬೈಯಲ್ಲಿ ಹೋಟೆಲ್ ನಡೆಸಿ ವಾಪಸು ಬಂದ ಅವರ ಗಂಡ ಒಮ್ಮೆ ಅಲ್ಲಿ ರೇಡಿಯೋ ಇಡಲು ಹೋಗಿ ಎರಡು ದಿನ ಮಾತಿಲ್ಲದೆ ಇರಬೇಕಾಯಿತಂತೆ.

ಎರಡು ದಿನದ ಮುನಿಸು ಅವರ ಲೆಕ್ಕದಲ್ಲಿ ಏನೂ ಅಲ್ಲ. ಬಿಜೂರಿನಲ್ಲಿದ್ದ ಒಬ್ಬನೇ ತಮ್ಮನ ಜೊತೆ ಅವರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

ಅದಕ್ಕೆ ಮೊದಲು, ಅಪ್ಪ ಅಮ್ಮ ಹೋದ ಮೇಲೂ, ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವರೇ ಬೈಂದೂರು ಬಸ್ಸು ಹತ್ತುವರು. ಕೈಯಲ್ಲಿ ತಮ್ಮನ ಮನೆಗೆ ಬಿಸ್ಕಿಟು, ಮೀನು, ಏನಾದರೊಂದು. ತವರಿನ ಅಂಗಳದ ತುದಿಯಲ್ಲಿ ದೊಡ್ಡ ಹಲಸಿನ ಮರ ಇತ್ತಂತೆ. ತಮ್ಮನಿಗೆ ಇವರು ಚದುರಂಗ ಕಲಿಸಿದ್ದು ಅದರ ಬುಡದಲ್ಲಿ. ಒಂದು ಶನಿವಾರ ಹೋಗಿ ನೋಡುತ್ತಾರೆ, ಮರ ಇಲ್ಲ. ಟ್ರಾಕ್ಟರು ಗದ್ದೆಗೆ ಇಳಿಯಲು ದಾರಿ ಬೇಕೆಂದು ತಮ್ಮ ಕಡಿಸಿದ್ದ.

"ಒಂದ್ ಮಾತ್ ಕೇಣ್ದೆ ಕಡ್ದ್ಯಾ?" ಎಂದರಂತೆ ಇವರು.

"ನಿನ್ನತ್ರ ಎಂತಕ್ ಕೇಣ್ಕ್? ನೀನ್ ಇಲ್ಲ್ ಇಪ್ಪುದಾ?" ಎಂದನಂತೆ ಅವನು.

ಕೊಟ್ಟ ಹೆಣ್ಣಿಗೆ ತವರಿನ ಜಗಲಿಯಲ್ಲಿ ನಿಂತು ಕೇಳಬಾರದ ಮಾತು ಅದು. ಅವನೂ ಬೇಕೆಂದು ಆಡಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ಇವರು ತಂದ ಚೀಲವನ್ನು ಮೆಟ್ಟಿಲ ಮೇಲಿಟ್ಟು, "ಇನ್ನ್ ಈ ಮೆಟ್ಲ್ ಹತ್ತುದಿಲ್ಲ" ಎಂದು ಹೇಳಿ, ನೀರೂ ಕುಡಿಯದೆ ರಸ್ತೆಗೆ ನಡೆದರು. ಹೇಳಿದ್ದನ್ನು ನಡೆಸದೆ ಇರುವವರೇ ಅವರು? ಶನಿವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತು ಹಿಂದಿ ಕಾಪಿ ತಿದ್ದುವುದು ಶುರುವಾಯಿತು. ಕೆಂಪು ಶಾಯಿ ಆ ದಿನ ಮಾತ್ರ ಬಹಳ ಖರ್ಚಾಗುತ್ತಿತ್ತು. ಬೈಂದೂರು ಬಸ್ಸಿನ ಹಾರನ್ನು ಕೇಳಿದರೆ ಪೆನ್ನು ಒಂದು ಕ್ಷಣ ನಿಲ್ಲುವುದನ್ನು ನಾನು ಕಂಡಿದ್ದೇನೆ. ಹೋಗಿ ಬನ್ನಿ ಟೀಚ್ರೆ ಎಂದು ಹೇಳಿ ಸಾಕಾಯಿತು. ಅವರ ಗಂಡ ನನಗೇ ಬುದ್ಧಿ ಹೇಳಿದರು: "ಅದ್ ನನ್ ಮಾತೇ ಕೇಂಬುದಿಲ್ಲ, ನಿಮ್ದ್ ಕೇಂಬುದುಂಟಾ?"

ಹೀಗಿರುವಾಗ ಬ್ರಹ್ಮಾವರದಲ್ಲಿ ಆ ಪಂದ್ಯ ಬಂತು. ಮಕ್ಕಳ ವಿಭಾಗಕ್ಕೆ ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ನಾನು ಹೋಗಿದ್ದೆ. ಐವತ್ತು ದಾಟಿದವರ ವಿಭಾಗದಲ್ಲಿ ಹಿಂದಿ ಟೀಚರ್. ಆ ವಿಭಾಗಕ್ಕೆ ಬಂದವರೇ ಆರು ಮಂದಿ. ಎಲ್ಲರೂ ಎಲ್ಲರೊಡನೆ ಒಂದೊಂದು ಆಟ ಆಡಬೇಕೆಂದು ತೀರ್ಮಾನವಾಯಿತು. ಯಾರ ಜೊತೆ ಯಾವಾಗ ಎಂದು ಗೋಡೆಗೆ ಅಂಟಿಸಿದ್ದನ್ನು ಓದಲು ಹೋದ ಟೀಚರ್ ಅಲ್ಲೇ ನಿಂತುಬಿಟ್ಟರು. ನಾನು ಹಿಂದಿನಿಂದ ಇಣುಕಿದೆ. ಅವರ ಕೊನೆಯ ಆಟದ ಎದುರಿಗೆ ಅವರ ತಮ್ಮನ ಹೆಸರಿತ್ತು.

ಅವನು ಬಾಗಿಲ ಹತ್ತಿರ, ಇಸ್ತ್ರಿ ಹಾಕಿದ ಅಂಗಿಯಲ್ಲಿ, ಗದ್ದೆಯಲ್ಲಿ ಒರಟಾದ ಎರಡು ಕೈಗಳನ್ನು ಎಲ್ಲಿಡುವುದೆಂದು ತಿಳಿಯದವನ ಹಾಗೆ ನಿಂತಿದ್ದ. ಅಕ್ಕ ಬ್ರಹ್ಮಾವರದ ಪಂದ್ಯಕ್ಕೆ ಬರುವುದು ಅವನಿಗೆ ಗೊತ್ತಿಲ್ಲದೆ ಏನಲ್ಲ. ಹೆಂಡತಿಗೆ ತೆಂಗಿನ ಸಸಿ ತರಲು ಹೋಗುತ್ತೇನೆಂದು ಹೇಳಿ ಬಂದಿದ್ದನಂತೆ.

ಮೊದಲ ಆಟದಲ್ಲೇ ಅವನು ಎರಡೂ ಕೈ ಚಾಚಿ ಎರಡು ಕಾಲಾಳು ಮುಂದಿಟ್ಟ. ಎದುರಿದ್ದ ನಿವೃತ್ತ ಬ್ಯಾಂಕ್ ಅಧಿಕಾರಿ ಗಡಿಯಾರ ನಿಲ್ಲಿಸಿ ತೀರ್ಪುಗಾರನನ್ನು ಕರೆದರು. ತೀರ್ಪುಗಾರ ನಮ್ಮದೇ ಶಾಲೆಯಲ್ಲಿ ಓದಿದ ಹುಡುಗ, ಹಿಂದಿ ಟೀಚರ ಕೈಯಲ್ಲಿ ಬೆಂಚಿನ ಮೇಲೆ ನಿಂತವನು. "ಹಾಂಗ್ ಆಡೂಕಾಗ ಅಣ್ಣ, ಒಂದ್ ಸಲಕ್ಕೆ ಒಂದೇ" ಎಂದು ಮೆತ್ತಗೆ ಹೇಳಿ ತಿದ್ದಿಸಿದ. ಸುತ್ತ ಇದ್ದವರು ನಕ್ಕರು. ಪಕ್ಕದ ಮೇಜಿನಲ್ಲಿದ್ದ ಟೀಚರ್ ತಲೆ ಎತ್ತಲಿಲ್ಲ. ಅವರ ಕಿವಿ ಮಾತ್ರ ಕೆಂಪಗಾದದ್ದನ್ನು ನಾನು ನೋಡಿದೆ. ಅದರ ನಂತರದ ಆಟಗಳಲ್ಲಿ ಅವನು ಒಂದೊಂದೇ ಕಾಯಿಯನ್ನು ಹೆದರಿ ಹೆದರಿ ನಡೆಸಿದ, ಎಲ್ಲವನ್ನೂ ಸೋತ. ಟೀಚರ್ ಒಂದು ಡ್ರಾ ಬಿಟ್ಟರೆ ಉಳಿದದ್ದನ್ನೆಲ್ಲ ಗೆದ್ದರು.

ಮಧ್ಯಾಹ್ನ ಅವನು ಜಗಲಿಯ ಕೊನೆಯಲ್ಲಿ ಒಬ್ಬನೇ ಕೂತು ಡಬ್ಬಿ ಬಿಚ್ಚಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಅಕ್ಕ ಹ್ಯಾಂಗಿತ್ತ್ ಟೀಚ್ರೆ? ಮುಂಚಿಗಿಂತ ಸಪೂರ ಆದಂಗ್ ಕಾಂತ್."

"ಅಲ್ಲೇ ಇದ್ರಲ್ಲ, ಹೋಯ್ ಕೇಣಿ."

"ಕೇಂಬುಕೆ ಬಾಯಿ ಬಂದಿದ್ರೆ ಇಲ್ಲಿವರಿಗ್ ಸೋಲೂಕೆ ಬರ್ಕಿತ್ತಾ?" ಎಂದು ನಕ್ಕು, ಅನ್ನದ ಮೇಲೆ ಬೆರಳಾಡಿಸಿದ. ಉಣ್ಣಲಿಲ್ಲ.

ಕೊನೆಯ ಆಟ. ಗೆದ್ದರೆ ಟೀಚರಿಗೆ ಮೊದಲ ಬಹುಮಾನ, ಕಪ್ಪು. ಗೆಲ್ಲುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಎದುರಿಗೆ ಇದ್ದವನು ಬೆಳಗಿನಿಂದ ಒಂದೂ ಗೆಲ್ಲದವನು. ಷೋಕೇಸಿನ ಲೇಸು ವಸ್ತ್ರದ ಮೇಲೆ ಆ ಕಪ್ಪು ಹೇಗೆ ಕಾಣಬಹುದೆಂದು ನಾನಾಗಲೇ ನೋಡಿ ಆಗಿತ್ತು. ನಮ್ಮ ಹುಡುಗಿಯರೂ ಬಂದು ನಿಂತರು. ಅಕ್ಕ ತಮ್ಮ ನಿಯಮದ ಪ್ರಕಾರ ಕೈ ಕುಲುಕಿದರು. ಅಷ್ಟು ವರ್ಷಗಳ ನಂತರ ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ಮುಖ ಮಾತ್ರ ಇಬ್ಬರೂ ನೋಡಲಿಲ್ಲ.

ಬಿಳಿಕಾಯಿ ತಮ್ಮನದು. ಅವನು ಬಹಳ ಹೊತ್ತು ಬೋರ್ಡನ್ನೇ ನೋಡುತ್ತ ಕೂತ. ಆಮೇಲೆ ಎರಡೂ ಕೈ ಚಾಚಿ, ರಾಜನ ಮುಂದಿನ ಕಾಲಾಳು, ಮಂತ್ರಿಯ ಮುಂದಿನ ಕಾಲಾಳು, ಎರಡನ್ನೂ ಒಟ್ಟಿಗೆ ಒಂದೊಂದು ಮನೆ ಮುಂದಿಟ್ಟ.

ಮರೆತು ಆಡಿದ್ದಲ್ಲ. ಬೆಳಿಗ್ಗೆ ಅಷ್ಟು ಜನರ ಎದುರು ತಿದ್ದಿಸಿಕೊಂಡವನು ಮತ್ತೆ ಮರೆಯುತ್ತಾನೆಯೇ? ಗೊತ್ತಿದ್ದೇ ಇಟ್ಟ. ಇಟ್ಟವನು ತಲೆ ಬಗ್ಗಿಸಿದ.

ಎಂಟನೇ ಕ್ಲಾಸಿನ ಮಗುವಿಗೇ ಬಿಡದ ಹೆಂಗಸು ಇವರು. ಗಡಿಯಾರ ನಿಲ್ಲಿಸಿ ಕೈ ಎತ್ತಿದರೆ ಮುಗಿಯಿತು. ಮತ್ತೆ ನಗುತ್ತಾರೆ, ಅವನು ತೆಂಗಿನ ಸಸಿಯನ್ನೂ ತಾರದೆ ಬಿಜೂರಿಗೆ ಹೋಗುತ್ತಾನೆ, ಇನ್ನು ಈ ಜನ್ಮದಲ್ಲಿ ಅಕ್ಕನ ಎದುರು ಬರುವುದಿಲ್ಲ. ಟೀಚರ್ ಬಳೆ ಸರಿಸಿದರು. ಬಲಗೈಯಿಂದ ರಾಜನ ಮುಂದಿನ ಕರಿ ಕಾಲಾಳನ್ನು ಒಂದು ಮನೆ ಮುಂದಿಟ್ಟರು. ಅದೇ ಅವರ ಫ್ರೆಂಚ್. ಕೈ ಗಡಿಯಾರದ ಕಡೆ ಹೋಯಿತು. ಗುಂಡಿಯ ಮೇಲೆಯೇ ನಿಂತಿತು. ಒತ್ತಲಿಲ್ಲ. ಆ ಕೈ ಹಾಗೆಯೇ ಹಿಂದೆ ಬಂದು, ಮಂತ್ರಿಯ ಮುಂದಿನ ಕಾಲಾಳನ್ನೂ ಒಂದು ಮನೆ ಮುಂದಿಟ್ಟಿತು.

ತೀರ್ಪುಗಾರ ಹುಡುಗ ಬೆವರುತ್ತ ಹತ್ತಿರ ಬಂದ.

"ಟೀಚ್ರೆ... ಇದ್ ಇಬ್ರ್‌ದೂ ತಪ್ಪ್ ನಡೆ. ಒಂದೊಂದ್ ಹಿಂದ್ ಇಟ್ಟ್ ಆಡ್ಲಕ್ಕ್."

"ಮುಟ್ಟಿದ್ ಕಾಯಿ ಹಿಂದಿಡುಕಾತ್ತಾ ಹೈದ? ನಾನ್ ನಿಂಗೆ ಅದನ್ನೇ ಕಲ್ಸಿದ್ದಾ?"

"ಹಾಂಗಾರೆ ಇಬ್ರಿಗೂ ಸೊನ್ನಿ ಹಾಕ್ಕಾತ್ತಲ್ಲ ಟೀಚ್ರೆ. ಕಪ್ಪ್..."

"ಹಾಕ್. ಎರಡ್ ಸೊನ್ನಿ ಬರಿಯೂಕೆ ಬತ್ತಲ್ಲ ನಿಂಗೆ?"

ಹುಡುಗ ನನ್ನ ಮುಖ ನೋಡಿದ. ಟೀಚರ್ ಬೋರ್ಡಿನಿಂದ ಕಣ್ಣೆತ್ತಿ ಮೊದಲ ಸಲ ತಮ್ಮನನ್ನು ನೋಡಿದರು.

"ಇಷ್ಟ್ ದೊಡ್ಡ್ ಆದ್ರೂ ಒಂಟೆ ಕಾಯಿ ದಾರಿಗ್ ಅಡ್ಡ ಕಾಲಾಳ್ ಇಡುದ್ ಬಿಡ್ಲಿಲ್ಯಾ ಮಾರಾಯ? ಎಷ್ಟ್ ಸಲ ಹೇಳಿದ್ದೆ ನಾನ್?"

ಅವನು ಆ ಒರಟು ಕೈಯಿಂದಲೇ ಕಣ್ಣೊರೆಸಿಕೊಂಡ.

ಸಭಾಂಗಣದಲ್ಲಿ ಬಹುಮಾನ ಹಂಚುತ್ತಿದ್ದಾಗ ಅವರಿಬ್ಬರೂ ಹೊರಗಿನ ಸಿಮೆಂಟ್ ಕಟ್ಟೆಯ ಮೇಲೆ ನಮ್ಮ ಶಾಲೆಯ ಬೋರ್ಡು ಹಾಸಿ ಅದೇ ಆಟ ಮುಂದುವರಿಸಿದರು. ಕಪ್ಪು ಬ್ಯಾಂಕ್ ಅಧಿಕಾರಿಗೆ ಹೋಯಿತು. ಚಪ್ಪಾಳೆ ಕೇಳಿಸಿದಾಗ ಟೀಚರ್ ಒಮ್ಮೆ ಒಳಗೆ ನೋಡಿದರು. ನೋಡಲಿಲ್ಲ ಎಂದರೆ ಸುಳ್ಳಾದೀತು. ಆಮೇಲೆ ತಮ್ಮನ ಕುದುರೆ ಕಡಿದರು. ಸ್ವಲ್ಪ ಹೊತ್ತಿನ ಮೇಲೆ ಅವನು, ತಲೆ ಎತ್ತದೆಯೇ ಹೇಳಿದ:

"ಮರ ಒಳ್ಗ್ ಟೊಳ್ಳ್ ಆಯಿತ್ತ್ ಅಕ್ಕ."

"ಗೊತ್ತಿತ್ತ್. ನಾನೂ ಕಂಡಿದ್ದೆ."

"ಆದ್ರೂ ಕೇಣ್ಕಿತ್ತ್ ನಾನ್."

"ಹೌದ್. ಕೇಣ್ಕಿತ್ತ್," ಎಂದರು ಟೀಚರ್. "ಈಗ ಆಡ್. ಬಸ್ ಬಪ್ಪ ಹೊತ್ತಾಯ್ತ್."

ಆಟ ಯಾರು ಗೆದ್ದರೆಂದು ನೀವು ಕೇಳಬೇಕಾಗಿಲ್ಲ. ಆ ವಿಷಯದಲ್ಲಿ ಅವರು ತಮ್ಮನಿಗೂ ಬಿಡುವವರಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕಿಟಕಿಯ ಹೊರಗೇ ನೋಡುತ್ತಿದ್ದರು. ಕಪ್ಪು ಹೋಯಿತಲ್ಲ ಟೀಚ್ರೆ ಎಂದು ನಾನೇ ತೆಗೆದೆ. ಅವರು ನನ್ನತ್ತ ತಿರುಗದೆ ಹೇಳಿದರು: "ಅವ್ನಿಗ್ ಹಾಂಗ್ ಆಡೂಕೆ ಕಲ್ಸಿದ್ದ್ ನಾನೇ ಅಲ್ದಾ ಹೆಣೆ? ನಾನ್ ಸರಿ ನಿಯಮ ಕಲ್ತ್ ಬಂದೆ. ಅವ್ನಿಗ್ ಹೇಳೂಕೆ ಮರ್ತ್ ಹೋಯ್ತ್. ನಾನೇ ಕಲ್ಸಿದ್ದಕ್ಕ್ ಜನ ನಗಾಡುದಾ?"

ಅದರ ಮುಂದಿನ ಶನಿವಾರ ಬೈಂದೂರು ಬಸ್ಸು ಬಂದಾಗ ಅವರ ಕೈಯಲ್ಲಿ ಮೀನಿನ ಚೀಲವಿತ್ತು, ಕಂಕುಳಲ್ಲಿ ಚೆಸ್ ಬೋರ್ಡು. ಮೆಟ್ಟಿಲು ಹತ್ತುವುದಿಲ್ಲ ಎಂದ ಮಾತು ಏನಾಯಿತೆಂದು ನಾನು ಕೇಳದೆ ಬಿಡುತ್ತೇನೆಯೇ? ತಮ್ಮನ ಮನೆಗೆ ಹಿಂದಿನ ಬಾಗಿಲಲ್ಲಿ ಮೆಟ್ಟಿಲಿಲ್ಲವಂತೆ. ಕೊನೆಯವರೆಗೂ ಹಿಂದಿನ ಬಾಗಿಲಿಂದಲೇ ಹೋಗಿ ಬಂದರು. ತಮ್ಮನಿಗೆ ಸರಿಯಾದ ನಿಯಮ ಕಲಿಸುವ ಕೆಲಸವೂ ಶುರುವಾಯಿತು. ಒಮ್ಮೆ ಅವನು ಪೇಟೆಯಲ್ಲಿ ಸಿಕ್ಕಿ ನನ್ನ ಹತ್ತಿರ ದೂರು ಹೇಳಿದ: "ಮಾತಾಡ್ದೆ ಇಪ್ಪ ಹೊತ್ತಿಗೇ ಸುಖ ಇದ್ದಿತ್ತ್ ಕಾಣಿ ಟೀಚ್ರೆ. ಈಗ ಒಂದ್ ಕಾಯಿ ಮುಟ್ಟೂಕೆ ಹೆದ್ರಿಕೆ." ಹೇಳುವಾಗ ಮುಖವೆಲ್ಲ ನಗು. ಷೋಕೇಸಿನ ಲೇಸು ವಸ್ತ್ರದ ಮೇಲೆ ಬಿಜೂರಿನಿಂದ ಬಂದ ಹಲಸಿನ ಹಪ್ಪಳದ ಡಬ್ಬಿ ಬಂದು ಕೂತಿತು. ಹಿತ್ತಿಲಿನ ಬೇರೆ ಮರದ್ದು.

ಮೊನ್ನೆ ಅವರ ಬೊಜ್ಜಕ್ಕೆ, ಉತ್ತರಕ್ರಿಯೆಯ ಊಟಕ್ಕೆ, ಕೋಡಿಗೆ ಹೋಗಿದ್ದೆ. ಊಟವಾಗಿ ನೆಂಟರೆಲ್ಲ ಚದುರಿದ ಮೇಲೆ ತಮ್ಮ ಜಗಲಿಯಲ್ಲಿ ಕೂತಿದ್ದ, ಎದುರಿಗೆ ಅಕ್ಕನ ಬೋರ್ಡು. ಕಾಯಿಗಳನ್ನು ಒಂದೊಂದಾಗಿ ಒರೆಸಿ ಜೋಡಿಸುತ್ತಿದ್ದ. ನನ್ನನ್ನು ಕಂಡು ಬಿಳಿಕಾಯಿಗಳ ಕಡೆಯನ್ನು ನನ್ನತ್ತ ತಿರುಗಿಸಿದ. "ಬನ್ನಿ ಟೀಚ್ರೆ. ಇವತ್ತ್ ಶನಿವಾರ."

ಬ್ರಹ್ಮಾವರದ ಆ ದಿನ ಕಣ್ಣಿಗೆ ಕಟ್ಟಿತು. ಅವರ ನೆನಪಿಗೆ ಇದೇ ಸರಿ ಎನಿಸಿ, ಎರಡೂ ಕೈ ಚಾಚಿ ಎರಡು ಕಾಲಾಳುಗಳನ್ನು ಒಟ್ಟಿಗೆ ಒಂದೊಂದು ಮನೆ ಮುಂದಿಟ್ಟೆ. ಅವನಿಗೂ ಸಮಾಧಾನವಾದೀತು ಎಂದುಕೊಂಡೆ.

ಅವನು ಬೋರ್ಡು ನೋಡಿದ. ಗಾಬರಿಯಿಂದ ಒಳಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ:

"ಹ್ವಾಯ್ ಟೀಚ್ರೆ, ಹಾಂಗ್ ಆಡೂಕಾಗ. ಅಕ್ಕ ಬೈತಿತ್."

ನಾನು ಒಂದು ಕಾಲಾಳನ್ನು ಹಿಂದಕ್ಕಿಟ್ಟೆ.